ಉಮ್ಮನ ಉಪ್ಪಿನಕಾಯಿ, ನನ್ನ ಅರಬಿ

ಆಗ ಅರಬರ ನಾಡಿನ ಹಫ್ರ್ ಅಲ್ ಬಾತಿನ್ ಊರಿನಲ್ಲಿ ನಮ್ಮಂಥ ಮನೆಯ ಹೆಂಗಸರು ಒಬ್ಬರೇ ಹೊರಗೆ ಕಾಲಿಡುತ್ತಿರಲಿಲ್ಲ. ಬಾಡಿಗೆ ಮನೆಯ ಸುತ್ತ ಎರಡಾಳೆತ್ತರದ ಗೋಡೆ. ಉಪ್ಪ, ಅಂದರೆ ಅಪ್ಪ, ಅಂಗಡಿಗೆ ಹೊರಟು ಗೇಟು ಎಳೆದುಕೊಂಡರೆ ನಾನೂ ನನ್ನ ತಾಯಿ ಉಮ್ಮನೂ ಸಂಜೆಯವರೆಗೆ ಒಳಗೇ. ಆ ಅಂಗಳದ ಮರಳಿನಲ್ಲೇ ಉಮ್ಮ ಟೊಮೆಟೊ, ಮುಳ್ಳುಸೌತೆ, ಹಸಿಮೆಣಸು ಬೆಳೆಸಿದ್ದರು. ನನಗೆ ಒಂಬತ್ತು ವರ್ಷ.

ಆ ಚಳಿಗಾಲದಲ್ಲಿ ಉಳ್ಳಾಲದಿಂದ ಫೋನು ಬಂತು. ಅಜ್ಜಿಗೆ, ಅಂದರೆ ಉಮ್ಮನ ತಾಯಿಗೆ, ತೀರಾ ಹುಷಾರಿಲ್ಲ, ಮಗಳನ್ನೇ ಕೇಳುತ್ತಿದ್ದಾರೆ ಎಂದು. ನಮ್ಮ ಪಾಸ್‌ಪೋರ್ಟುಗಳು ಉಪ್ಪನಿಗೆ ವೀಸಾ ಕೊಟ್ಟ ಧಣಿಯ, ಅಲ್ಲಿಯವರ ಮಾತಿನ ‘ಕಫೀಲ’ನ, ಬಳಿ. ಅವನ ಸಹಿಯಿಲ್ಲದೆ ದೇಶ ಬಿಡುವಂತಿರಲಿಲ್ಲ. ಅವನೋ ಚಳಿಗಾಲದ ಮೋಜಿಗೆಂದು ಡೇರೆ ಹೊತ್ತುಕೊಂಡು ಮರುಭೂಮಿಗೆ ಹೋಗಿ ಕೂತಿದ್ದ, ಉಪ್ಪನ ಫೋನು ಎತ್ತುತ್ತಿರಲಿಲ್ಲ.

“ನಾಳೆ ಇಬ್ಬನಿಯೇ ಹೆಪ್ಪುಗಟ್ಟುವಷ್ಟು ಚಳಿಯಂತೆ. ಗಿಡ ಎಲ್ಲ ಕರಟಿ ಹೋಗ್ತದೆ,” ಎಂದರು ಉಪ್ಪ.

ಉಮ್ಮ ಉಳಿದದ್ದನ್ನೆಲ್ಲ ಕೊಯ್ದರು. ಹಣ್ಣಾಗದ ಟೊಮೆಟೊ, ಬೆರಳುದ್ದದ ಸೌತೆ. ಹೆಚ್ಚಿ, ಉಪ್ಪು ಬೆರೆಸಿ, ನೀರು ಹಿಂಡಿ, ಬೆಳ್ಳುಳ್ಳಿ, ಸಾಸಿವೆ ಹಾಕಿ ಕುದಿಸಿದ ವಿನೆಗರ್ ಹೊಯ್ದಾಗ ಘಾಟಿಗೆ ನನಗೆ ಸೀನು.

“ದೂರ ನಿಲ್ಲು ಮಾರಾಯ್ತಿ! ಇದು ನನ್ನುಮ್ಮನಿಗೆ, ಇದು ಕಫೀಲನ ಹೆಂಡತಿಗೆ,” ಎಂದು ಎರಡು ಬಾಟಲಿ ತುಂಬಿಸಿದರು.

ಹೆಂಡತಿಯ ಮೂಲಕವಾದರೂ ಮಾತು ಮುಟ್ಟಲೆಂದು ಸಂಜೆ ಉಪ್ಪ ನಮ್ಮನ್ನು ಕಫೀಲನ ಮನೆಗೆ ಕರೆದೊಯ್ದು ಕಾರಿನಲ್ಲೇ ಕುಳಿತರು. ಹೆಂಗಸರ ಕೋಣೆಗೆ ಅವರು ಬರುವಂತಿಲ್ಲ. ಉಮ್ಮನಿಗೆ ಅರಬಿ ಬಾರದು. ಶಾಲೆಯಲ್ಲಿ ಅರಬಿಗೆ ನಾನೇ ಮೊದಲು ಎಂಬ ಜಂಬ ನನಗೆ.

“ಉಮ್ಮನಿಗೆ ಹುಷಾರಿಲ್ಲ, ಹೋಗ್ಲೇಬೇಕು ಅಂತ ಹೇಳು,” ಎಂದರು ಉಮ್ಮ.

“ಉಮ್ಮಿ ಮರೀದಾ, ಲಾಜಿಮ್ ತ್ರೂಹ್,” ಎಂದೆ. ನನ್ನ ಉಮ್ಮನಿಗೆ ಹುಷಾರಿಲ್ಲ, ಹೋಗಲೇಬೇಕು ಎಂದು, ಹೇಳಿದ್ದನ್ನು ಹೇಳಿದ ಹಾಗೆಯೇ.

ಕಫೀಲನ ಹೆಂಡತಿ ಉಮ್ಮನ ಹಣೆ ಮುಟ್ಟಿ ನೋಡಿದಳು. ಮೆತ್ತೆಯ ಮೇಲೆ ಕೂರಿಸಿ ಶುಂಠಿ ಹಾಲು ಕುಡಿಸಿದಳು. ಗಂಡನಿಗೆ ತಿಳಿಸುತ್ತೇನೆ ಎಂದಳು. ಉಮ್ಮ ಅಳುತ್ತಲೇ ನಕ್ಕರು, ಮನೆಗೆ ಬಂದವರೇ ಸೂಟ್‌ಕೇಸ್ ತುಂಬಿಸಿದರು.

ಮೂರನೇ ದಿನ ಕಫೀಲನ ಡ್ರೈವರ್ ಬಂದ. ಪಾಸ್‌ಪೋರ್ಟ್ ತಂದಿರಲಿಲ್ಲ. ಜೇನು, ಜ್ವರದ ಮಾತ್ರೆ, ಉಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯಬೇಕೆಂಬ ಅಪ್ಪಣೆ ತಂದಿದ್ದ. ಆಗಲೇ ನನಗೆ ಹೊಳೆದದ್ದು: ನನ್ನ ಬಾಯಲ್ಲಿ “ನನ್ನ ಉಮ್ಮ” ಎಂದರೆ ಎದುರು ನಿಂತವರೇ ರೋಗಿ ಎಂದಾಗುತ್ತದೆ. ಅಜ್ಜಿಗೆ ‘ಜದ್ದತಿ’ ಎನ್ನಬೇಕೆಂದು ನನ್ನ ಪಾಠದಲ್ಲೇ ಇತ್ತು.

ತಪ್ಪು ತಿದ್ದಿ ಸಹಿ ಬೀಳುವಷ್ಟರಲ್ಲಿ ಅಜ್ಜಿ ತೀರಿಕೊಂಡು ದಫನ್ ಕೂಡ ಮುಗಿದಿತ್ತು. ಅವರಿಗೆಂದಿಟ್ಟ ಉಪ್ಪಿನಕಾಯಿಯನ್ನು ಗಂಜಿಯ ಜೊತೆ ನಾವೇ ತಿಂದೆವು.

ಉಮ್ಮ ನನಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಈಗ ನಾನು ರಿಯಾದಿನ ಮಲಾಜ್‌ನಲ್ಲಿದ್ದೇನೆ, ಅರಬಿ ಅನುವಾದವೇ ನನ್ನ ಕೆಲಸ, ಉಮ್ಮ ನನ್ನ ಜೊತೆಗಿದ್ದಾರೆ. ಡಾಕ್ಟರರ ಎದುರು ನಾನು ಬಾಯಿ ತೆರೆದರೆ ಮಾತ್ರ, ಈಗ ಹರಕುಮುರುಕು ಅರಬಿ ಕಲಿತಿರುವ ಉಮ್ಮ ಮೆಲ್ಲಗೆ ನನ್ನ ಕೈ ಒತ್ತುತ್ತಾರೆ.

“ನೀನು ಸುಮ್ಮನಿರು ಮಗಳೇ, ನಾನೇ ಹೇಳ್ತೇನೆ.”