ಜಾಹೀರಾತಿನ ಫೋಟೋದಲ್ಲಿ ಕಂಡ ಬಿರುಕು

ಹಳೇ ಮನೆಗಳಿಗೆ ರೂಮು, ಮಹಡಿ ಸೇರಿಸಿ ಕಟ್ಟಿಕೊಡೋದು ನನ್ನ ಕಸುಬು. ಸುತ್ತಮುತ್ತಲಿನವರ ಮೊಬೈಲಿಗಷ್ಟೇ ಹೋಗುವಂತೆ ಸೋಷಿಯಲ್ ಮೀಡಿಯಾದಲ್ಲಿ ಜಾಹೀರಾತು ಕೊಡಬಹುದು ಅಂತ ಗೆಳೆಯನೊಬ್ಬ ಹೇಳಿದ. ಸಂಜಯನಗರದ ನಸೀಮಾ ಮೇಡಂ ಮನೆಗೆ ಆಗಷ್ಟೇ ಕಟ್ಟಿದ್ದ ಮೇಲಿನ ರೂಮಿನ ಫೋಟೋ ಹಾಕಿದೆ.

ಮರುದಿನ ಸಂಜೆ ಒಂದು ಫೋನ್ ಬಂತು. ಗಿರಾಕಿ ಸಿಕ್ಕರು ಅಂದುಕೊಂಡೆ.

"ನಾನು ರಿಟೈರ್ಡ್ ಇಂಜಿನಿಯರ್ ಕಣ್ರೀ. ನಿಮ್ಮ ಫೋಟೋನ ದೊಡ್ಡದು ಮಾಡಿ ನೋಡಿ. ರೂಮಿನ ಕೆಳಗಿರೋ ಬೀಮ್‌ನಲ್ಲಿ ಬಿರುಕಿದೆ. ಅದರಡಿ ಯಾರಾದ್ರೂ ಕೂತ್ಕೊಳ್ತಾರಾ?"

ನೋಡಿದೆ. ಬೀಮಿನ ಮೇಲೆ ಓರೆ ಗೆರೆಯೊಂದು ಹೋಗಿತ್ತು. ಮೇಡಂ ದಿನಾ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದರು. ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಇಂಜಿನಿಯರ್‌ಗೆ ಮೇಡಂ ವಿಳಾಸ ಹೇಳಿ ಹೊರಟೆ. ನಾನಿದ್ದ ವಿದ್ಯಾರಣ್ಯಪುರದಿಂದ ಅಲ್ಲಿಗೆ ಬೈಕ್ ಹೇಗೆ ಓಡಿಸಿದೆನೋ ಗೊತ್ತಿಲ್ಲ. ದಾರಿಯುದ್ದಕ್ಕೂ ಗೋಡೆ ಕುಸಿಯುವ ಸದ್ದೇ ಕಿವಿಯಲ್ಲಿತ್ತು.

ಹೋದಾಗ ಮಕ್ಕಳು ಜೋರಾಗಿ ಮಗ್ಗಿ ಹೇಳುತ್ತಿದ್ದರು.

"ಮೇಡಂ, ಮೊದಲು ಮಕ್ಕಳನ್ನ ರಸ್ತೆಗೆ ಕರ್ಕೊಂಡು ಬನ್ನಿ. ಮೇಲಿನ ರೂಮ್ ಬೀಳಬಹುದು!"

"ಬೀಳುತ್ತಾ? ನೀವೇ ಕಟ್ಟಿದ್ದಲ್ವೇನ್ರೀ?"

"ಅದಕ್ಕೇ ಮೇಡಂ ಭಯ."

ಅವರು ಮಕ್ಕಳನ್ನು ಎಬ್ಬಿಸಿ ರಸ್ತೆಗೆ ಕರೆತಂದರು. ಆಟೋದಲ್ಲಿ ಬಂದ ಇಂಜಿನಿಯರ್ ಬಿರುಕನ್ನು ಟಾರ್ಚ್ ಹಿಡಿದು ನೋಡಿ, "ಇವತ್ತೇ ಕಂಬ ಕೊಟ್ಟು ನಿಲ್ಲಿಸಿ, ಆಮೇಲೆ ಬಿಚ್ಚಿ" ಅಂದರು. ರೂಮು ಪೂರ್ತಿ ಬಿಚ್ಚಿ, ಇಂಜಿನಿಯರ್ ಕಣ್ಣೆದುರೇ ಮತ್ತೆ ಕಟ್ಟಿದೆ.

ಆ ಜಾಹೀರಾತು ನೋಡಿ ನನಗೆ ಫೋನ್ ಮಾಡಿದವರು ಅವರೊಬ್ಬರೇ. ಅವರಿಗೂ ರೂಮು ಕಟ್ಟಿಕೊಡೋಣ ಅಂದರೆ, ಅವರಿದ್ದದ್ದು ಬಾಡಿಗೆ ಮನೆಯಲ್ಲಿ.