ಓಣಿಯ ಮಗ್ಗ ನಿಂತ ಅರ್ಧ ತಾಸು

ಸಾರ್ವಜನಿಕ ಸಂಪರ್ಕ ವಿಷಯದಲ್ಲಿ ಎಂ.ಎ. ಮಾಡುತ್ತಿದ್ದ ನನಗೆ ಕೊನೆಗೆ ಉಳಿದದ್ದು ಮೌಖಿಕ ಪರೀಕ್ಷೆಯೊಂದೇ. ಅಷ್ಟರಲ್ಲಿ ಅತ್ತೆಯವರು ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡರು. ಅವರನ್ನು ಬಿಟ್ಟು ವಿಶ್ವವಿದ್ಯಾಲಯಕ್ಕೆ ಹೋಗುವಂತಿರಲಿಲ್ಲ, ಹೋಗದಿದ್ದರೆ ಇನ್ನೊಂದು ವರ್ಷ ಕಾಯಬೇಕು. ನನ್ನ ಪರಿಸ್ಥಿತಿ ಕೇಳಿದ ಮೇಲೆ ವಿಭಾಗದವರು, ಮನೆಯಿಂದಲೇ ಫೋನಿನ ವಿಡಿಯೋ ಕರೆಯಲ್ಲಿ ಉತ್ತರಿಸಿ ಎಂದು ಒಪ್ಪಿದರು. ಶಿವ ದಾರಿ ತೋರಿಸಿದ ಎಂದುಕೊಂಡೆ.

ಆದರೆ ಬನಹಟ್ಟಿಯ ನಮ್ಮ ಓಣಿಯಲ್ಲಿ ಮನೆಮನೆಗೂ ಪವರ್‌ಲೂಮ್ ಮಗ್ಗ, ಹಗಲೆಲ್ಲ ಕಿವಿಗಡಚಿಕ್ಕುವ ಸದ್ದು. ನಮ್ಮವೆರಡನ್ನು ನಿಲ್ಲಿಸಲು ಯಜಮಾನರು ಒಪ್ಪಿದರು. ಗೋಡೆಯಾಚೆಯವಕ್ಕೆ ಏನು ಮಾಡುವುದು?

ಹಿಂದಿನ ದಿನ ಪೂಜೆ ಮುಗಿಸಿ ಮೊದಲು ಪಕ್ಕದ ಮನೆಯ ಹಿರಿಯರ ಹತ್ತಿರ ಹೋದೆ.

"ಕಾಕಾರ, ನಾಳೆ ಹನ್ನೊಂದಕ್ಕ ಅರ್ಧಾ ತಾಸು ಮಗ್ಗಾ ಬಂದ್ ಇಡ್ತೀರೇನ್ರಿ? ನಂದು ಪರೀಕ್ಷಾ ಐತ್ರಿ."

"ಅದೇನ್ ಕಲ್ಯಾಕತ್ತೀವಾ ನೀ?"

"ಮಂದಿ ಕೂಡ ಹೆಂಗ ಮಾತಾಡಬೇಕು, ವಿಶ್ವಾಸ ಹೆಂಗ ಗಳಸಬೇಕು ಅನ್ನೂದ್ರಿ."

"ಅದಕ್ಕ ಎಂ.ಎ. ಬೇಕೇನು? ನಿಮ್ಮತ್ತಿ ಕಟ್ಟಿ ಮ್ಯಾಲೆ ಕುಂತು ಪುಕ್ಕಟೆ ಮಾಡ್ತಿದ್ಲಲ್ಲ."

ನನಗೆ ನಗು ಬರಲಿಲ್ಲ, ಅಳುವೇ ಹತ್ತಿರವಿತ್ತು. ಅದು ಅವರಿಗೆ ಕಂಡಿರಬೇಕು. "ಆತು ಹೋಗು. ನಾಳೆ ಊಟಾ ಹನ್ನೊಂದಕ್ಕ ಮಾಡಿದರಾತು," ಎಂದರು. ಅವರು ಒಪ್ಪಿದ ಮೇಲೆ ಉಳಿದ ಮನೆಗಳಲ್ಲಿ ಕೇಳುವುದು ಹಗುರವಾಯಿತು.

ಮರುದಿನ ಮಗ್ಗಗಳು ಒಂದೊಂದಾಗಿ ನಿಂತವು. ಕರೆಂಟು ಹೋಗಲಿಲ್ಲ, ನೆಟ್‌ವರ್ಕ್ ಕೈಕೊಡಲಿಲ್ಲ. ಇಂಥದ್ದೂ ದೇವರು ಕೊಡುವುದೇ. ಫೋನಿನಲ್ಲಿ ಇಬ್ಬರು ಪರೀಕ್ಷಕರು ಕಾಣಿಸಿಕೊಂಡರು. ನಾನು ಬಾಯಿ ತೆರೆದದ್ದೇ ತಡ, ಒಬ್ಬರು ಕೈಯೆತ್ತಿ, "ಮೆಲ್ಲಗೆ ಹೇಳಿ ಮೇಡಂ, ಯಾಕೆ ಕೂಗುತ್ತೀರಿ?" ಎಂದರು. ಮದುವೆಯಾಗಿ ಬಂದಾಗಿನಿಂದ ಮಗ್ಗದ ಸದ್ದಿಗಿಂತ ಮೇಲೆ ಮಾತಾಡಿ ರೂಢಿ. ದನಿ ತಗ್ಗಿಸಿದರೆ ಮಾತೇ ತಡವರಿಸಿತು.

ಆಗ ಹೊರಗೆ ಗದ್ದಲ. ನಮ್ಮಲ್ಲಿ ಇಡೀ ಓಣಿಯ ಮಗ್ಗ ಒಮ್ಮೆಲೇ ನಿಲ್ಲುವುದು ಯಾರಾದರೂ ತೀರಿಕೊಂಡಾಗ. ಅತ್ತೆಯವರು ಹಾಸಿಗೆ ಹಿಡಿದದ್ದು ಊರಿಗೇ ಗೊತ್ತು. ಹಿಂದಿನ ಓಣಿಯ ಹೆಂಗಸರು ಸೆರಗು ಹೊದ್ದು ಬಂದೇಬಿಟ್ಟಿದ್ದರು. ಪಡಸಾಲೆಯ ಮಂಚದಿಂದ ಅತ್ತೆಯವರ ದನಿ ಕೇಳಿಸಿತು:

"ನಾ ಇನ್ನಾ ಅದೀನಿ ತಗೋರಿ. ಒಳಗ ನನ್ನ ಸೊಸಿ ಪರೀಕ್ಷಾ ನಡದೈತಿ. ಅಳೂದಿದ್ರ ಆಮ್ಯಾಲೆ ಅಳ್ರಿ."

ಏನದು ಎಂದು ಪರೀಕ್ಷಕರು ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹೇಳುತ್ತ ಹೇಳುತ್ತ ದನಿ ತಾನಾಗಿ ಇಳಿಯಿತು.

ಇನ್ನೊಬ್ಬ ಪರೀಕ್ಷಕಿ ನಗುತ್ತ, "ಹಿಂದಿನ ಓಣಿಯವರಿಗೆ ಯಾಕೆ ತಿಳಿಸಲಿಲ್ಲ?" ಎಂದರು.

"ಸದ್ದಿನ ತೊಂದರೆ ಯಾರಿಂದ ಅಂತಷ್ಟೇ ನೋಡಿದೆ. ಸದ್ದು ನಿಂತರೆ ಯಾರಿಗೆ ಗಾಬರಿ ಅಂತ ನೋಡಲಿಲ್ಲ."

ಅವರು ಏನೋ ಬರೆದುಕೊಂಡರು. ಮುಂದಿನ ಪ್ರಶ್ನೆಗಳೆಲ್ಲ ಅದರ ಮೇಲೆಯೇ ಬಂದವು, ಒಂದಕ್ಕೂ ತಡವರಿಸಲಿಲ್ಲ. ಕೊನೆಗೆ ಆಕೆ, "ಫಲಿತಾಂಶಕ್ಕೆ ಹೆದರಬೇಡಿ," ಎಂದರು.

ಹೊರಗೆ ಬಂದು ಅತ್ತೆಯವರಿಗೆ ಅದನ್ನೇ ಹೇಳಿದೆ. ಅವರು ಕಣ್ಣು ಮುಚ್ಚಿ ಕೈಮುಗಿದರು.

"ಛಲೋ ಆತು. ಇನ್ನ ಇವರಿಗೆಲ್ಲಾ ಚಾ ಇಡವಾ. ನನಗ ಅಳಾಕ ಬಂದಾರ, ಹಂಗ ಕಳಸಬಾರದು."