ನೀರಿಗೆ ಬಿಟ್ಟ ಆಮೆ

ಸುರಪುರದ ನಮ್ಮ ಮನೆಯಲ್ಲಿ ಹೆಂಡತಿ ಒಂದು ಆಮೆ ಸಾಕಿದ್ದಳು. ಹೊಲದ ಬದುವಿನಲ್ಲಿ ಸಿಕ್ಕಿದ ನೆಲದ ಆಮೆ. ಬೇಸಿಗೆಯಲ್ಲಿ ಅದನ್ನು ಬೇವಿನ ನೆರಳಿನಲ್ಲಿಟ್ಟು, ಗೋಣಿಚೀಲ ಹೊದಿಸಿ, ತಾಸಿಗೊಮ್ಮೆ ನೀರು ಚಿಮುಕಿಸುತ್ತಿದ್ದಳು.

ಒಂದು ದಿನ ಅಬ್ಬೆತುಮಕೂರಿನ ಮಠಕ್ಕೆ ಹೊರಟವಳು, "ಚೀಲ ಒಣಗಾಕ ಬಿಡಬ್ಯಾಡ್ರಿ. ನೀವು ಮಕ್ಕೊಂಡ್ರ ಮನಿಗೆ ಬೆಂಕಿ ಹತ್ತಿದ್ರೂ ಎಚ್ಚರ ಆಗಂಗಿಲ್ಲ," ಎಂದಳು.

ಮಧ್ಯಾಹ್ನ ಗಾಳಿ ಪೂರಾ ನಿಂತಿತು. ಕಾಗೆಗಳು ಬಾಯಿ ತೆರೆದು ಕುಳಿತಿದ್ದವು. ನೀರು ಚಿಮುಕಿಸಲೆಂದು ಮೂರನೆಯ ಸಲ ಏಳಲು ನನಗೆ ಬೇಸರವಾಯಿತು. ನಮ್ಮ ಕಡೆ ನೆಲದ್ದಕ್ಕೂ ನೀರಿನದಕ್ಕೂ 'ಆಮಿ' ಎಂಬ ಒಂದೇ ಮಾತು. ಆಮಿ ಅಂದಮೇಲೆ ನೀರಿನಲ್ಲಿ ತಂಪಾಗಿರುತ್ತದೆ ಎಂದುಕೊಂಡು, ಅದನ್ನು ಅಂಗಳದ ನೀರಿನ ಟಾಕಿಗೆ ಬಿಟ್ಟು ಮಲಗಿದೆ. ಅದು ಗೋಡೆಗೆ ಕಾಲು ಬಡಿಯುವ ಸದ್ದು ಕೇಳಿತ್ತು. ಈಜುತ್ತಿದೆ ಎಂದುಕೊಂಡೆ.

ಎದ್ದಾಗ ಸದ್ದಿರಲಿಲ್ಲ. ಈಜು ಬಾರದ ನೆಲದ ಆಮೆ ಸತ್ತು ಟಾಕಿಯ ತಳದಲ್ಲಿತ್ತು. ಯಾರಿಗೂ ಕಾಣದಂತೆ ಹಿತ್ತಲಲ್ಲಿ ಹೂತೆ.

ಸಂಜೆ ಬಂದ ಹೆಂಡತಿ ಕೇಳಿದಳು: "ಆಮಿ ಎಲ್ಲೈತ್ರಿ?"

"ತಪ್ಪಿಸಿಕೊಂಡು ಹೋಗೈತಿ," ಎಂದೆ.

"ಅದು ಅಂಗಳಾ ದಾಟೂದ್ರಾಗ ಒಂದು ನಿದ್ದಿ ಆಗ್ತೈತಿ. ಅಷ್ಟೊತ್ತು ಮಕ್ಕೊಂಡಿದ್ರೇನ್ರಿ?"

ಅವಳು ಸೌತೆಕಾಯಿ ಹೋಳು ಹಿಡಿದು ಓಣಿಯಲ್ಲೆಲ್ಲ ಹುಡುಕಿದಳು. ನಾನೂ ಜೊತೆಗೆ ಹೋಗಿ, ಇಲ್ಲದ ಆಮೆಗಾಗಿ ಮುಳ್ಳುಕಂಟಿಗಳನ್ನು ಸರಿಸಿ ನೋಡಿದೆ. ಇವತ್ತಿಗೂ ಅವಳಿಗೆ ನಿಜ ಹೇಳಿಲ್ಲ.